ನಾನಂತೂ ನಂಬಲ್ಲ, ಆದ್ರೂ...

ನಮ್ಮ ರಾಜ್ಯದಲ್ಲಿ ಒಂದು ಊರಿದೆ. ಅಲ್ಲಿ ಅರಿಶಿನ ಬೆಳೆಯುತ್ತಾರೆ, ಕರಿಕಲ್ಲು ತೆಗೆಯುತ್ತಾರೆ. ಒಂದು ಕಡೆ ಬಂಡೀಪುರದ ಹುಲಿ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟದ ಆನೆ. ಒಂದು ಕಾಲಕ್ಕೆ ವೀರಪ್ಪನ್ ಕೂಡ ಅದೇ ಸೀಮೆಯಲ್ಲಿ ಓಡಾಡಿಕೊಂಡಿದ್ದ. ಆದರೆ ನಮ್ಮ ಮುಖ್ಯಮಂತ್ರಿಗಳು ಹೆದರಿದ್ದು ಹುಲಿಗಲ್ಲ, ಆನೆಗಲ್ಲ, ವೀರಪ್ಪನ್‌ಗೂ ಅಲ್ಲ. ಊರಿನ ಹೆಸರು ಬರೆದ ಬೋರ್ಡಿಗೆ.

ಚಾಮರಾಜನಗರ. ಕಾಲಿಟ್ಟರೆ ಕುರ್ಚಿ ಹೋಗುತ್ತದೆ. ಕಥೆ ಇಷ್ಟೇ. ಹತ್ತಿರದ ತಲಕಾಡಿಗಾದರೂ ಅಲಮೇಲಮ್ಮನ ಶಾಪ ಅಂತ ಒಂದು ಲೆಕ್ಕಾಚಾರವಿದೆ, ಶಾಪ ಕೊಟ್ಟವರು ಯಾರು, ಯಾಕೆ ಕೊಟ್ಟರು ಅಂತ ಅಜ್ಜಿಯರು ಹೇಳುತ್ತಾರೆ. ಚಾಮರಾಜನಗರಕ್ಕೆ ಅದೂ ಇಲ್ಲ. ಶಾಪ ಕೊಟ್ಟವರೇ ಇಲ್ಲ, ಶಾಪ ಮಾತ್ರ ಇದೆ. ಊರಿನ ಹಳೇ ಹೆಸರು ಅರಿಕುಠಾರ. ಅಂದರೆ ಶತ್ರುವಿಗೆ ಕೊಡಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರು ಅಂತ ಪ್ರೀತಿಯಿಂದ ಹೆಸರು ಬದಲಿಸಿದರು. ಕೊಡಲಿಯ ಭಯ ಮಾತ್ರ ವಿಧಾನಸೌಧದಲ್ಲಿ ಉಳಿದುಕೊಂಡಿತು.

ಈ ಕಾಯಿಲೆಯ ಮೊದಲ ಕೇಸು ದೇವರಾಜ ಅರಸು ಅವರದು ಅನ್ನುತ್ತಾರೆ. ಚಾಮರಾಜನಗರಕ್ಕೆ ಹೋಗಿ ಬಂದರು, 1980ರಲ್ಲಿ ಅಧಿಕಾರ ಹೋಯಿತು. ಇಂದಿರಾ ಗಾಂಧಿ ದೆಹಲಿಯಲ್ಲಿ ಮತ್ತೆ ಗೆದ್ದದ್ದು, ಅರಸು ಅವರ ಶಾಸಕರು ರಾತ್ರೋರಾತ್ರಿ ಆ ಕಡೆ ಹಾರಿದ್ದು, ಇದೆಲ್ಲ ಸಣ್ಣಪುಟ್ಟ ವಿಷಯ. ಆಮೇಲೆ ಗುಂಡೂರಾವ್ ಹೋಗಿ ಬಂದರು, 1983ರಲ್ಲಿ ಸೋತರು. ರಾಮಕೃಷ್ಣ ಹೆಗಡೆ ಹೋಗಿ ಬಂದರು, 1988ರಲ್ಲಿ ರಾಜೀನಾಮೆ. ಎಸ್.ಆರ್. ಬೊಮ್ಮಾಯಿ ಹೋಗಿ ಬಂದರು, 1989ರಲ್ಲಿ ಸರ್ಕಾರ ವಜಾ. ವೀರೇಂದ್ರ ಪಾಟೀಲ್ ಹೋಗಿ ಬಂದರು, 1990ರಲ್ಲಿ ಪದಚ್ಯುತಿ. ನೋಡಿದ್ರಾ, ಐದಕ್ಕೆ ಐದು!

ಒಂದು ನಿಮಿಷ ನಿಲ್ಲಿ. ಹೆಗಡೆಯವರು ರಾಜೀನಾಮೆ ಕೊಟ್ಟಿದ್ದು ಟೆಲಿಫೋನ್ ಕದ್ದಾಲಿಕೆ ಪ್ರಕರಣದಲ್ಲಿ. ಹಾಗಂತ ಆಮೇಲೆ ಬಂದ ಮುಖ್ಯಮಂತ್ರಿಗಳು ಯಾರಾದರೂ ಫೋನು ಮುಟ್ಟೋದು ಬಿಟ್ಟರಾ? ವೀರೇಂದ್ರ ಪಾಟೀಲರನ್ನು ತೆಗೆಯುವ ಸುದ್ದಿಯನ್ನು ರಾಜೀವ್ ಗಾಂಧಿ ಹೇಳಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತುಕೊಂಡು. ಕುರ್ಚಿ ನುಂಗಿದ ಜಾಗ ಅಂತ ಯಾವುದಾದರೂ ಇದ್ದರೆ ಅದು ಆ ವಿಮಾನ ನಿಲ್ದಾಣ. ಅಲ್ಲಿಗೆ ಹೋಗೋದನ್ನು ಯಾರೂ ಬಿಡಲಿಲ್ಲ, ಹೈಕಮಾಂಡ್ ಕರೆದರೆ ದಿನಕ್ಕೆ ಎರಡು ಸಲ ಹೋದರು. ಇನ್ನು ಬೊಮ್ಮಾಯಿಯವರ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ಒಂಬತ್ತು ನ್ಯಾಯಮೂರ್ತಿಗಳು ಕೂತು 1994ರಲ್ಲಿ ದೇಶವೇ ನೆನಪಿಟ್ಟುಕೊಳ್ಳುವ ತೀರ್ಪು ಕೊಟ್ಟರು. ಅಷ್ಟು ದೊಡ್ಡ ವಾದ ವಿವಾದದಲ್ಲಿ ಒಬ್ಬ ವಕೀಲನಿಗೂ ಚಾಮರಾಜನಗರವನ್ನು ಪ್ರತಿವಾದಿ ಮಾಡಬೇಕು ಅಂತ ಹೊಳೆಯಲಿಲ್ಲ ನೋಡಿ.

1990ರಿಂದ ಸುಮಾರು ಹದಿನೇಳು ವರ್ಷ ಆ ಊರಿಗೆ ಕ್ವಾರಂಟೈನ್. ಯಾವ ಮುಖ್ಯಮಂತ್ರಿಯೂ ತಲೆ ಹಾಕಲಿಲ್ಲ. ಎಲ್ಲರೂ ಕ್ಷೇಮವಾಗಿದ್ದರು ಅಂದುಕೊಂಡಿರಾ? ಬಂಗಾರಪ್ಪ 1992ರಲ್ಲಿ ಇಳಿದರು. ಮೊಯ್ಲಿ 1994ರಲ್ಲಿ ಸೋತರು. ಪಟೇಲರದು 1999ರಲ್ಲಿ ಹೋಯಿತು, ಕೃಷ್ಣ ಅವರದು 2004ರಲ್ಲಿ, ಧರ್ಮಸಿಂಗ್ ಅವರದು 2006ರಲ್ಲಿ. ನಡುವೆ ದೇವೇಗೌಡರ ಕುರ್ಚಿಯೂ ಹೋಯಿತು, ಆದರೆ ಅದು ಪ್ರಧಾನಿ ಕುರ್ಚಿಗೆ ಜಾಗ ಬಿಟ್ಟುಕೊಟ್ಟು ಹೋಗಿದ್ದು, ಅದನ್ನು ಯಾವ ಖಾತೆಗೆ ಬರೆಯಬೇಕೋ ಜ್ಯೋತಿಷಿಗಳೇ ಹೇಳಬೇಕು. ಹೋದವರದ್ದೂ ಹೋಯಿತು, ಹೋಗದವರದ್ದೂ ಹೋಯಿತು. ಆದರೆ ಹೋಗದೆ ಕಳಕೊಂಡವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ. ಕಾಯಿಲೆ ಬದುಕೋದೇ ಅಲ್ಲಿ.

1997ರ ಪ್ರಸಂಗ ಎಲ್ಲಕ್ಕಿಂತ ಚೆನ್ನಾಗಿದೆ. ಚಾಮರಾಜನಗರ ಹೊಸ ಜಿಲ್ಲೆ ಆಯಿತು. ಉದ್ಘಾಟನೆ ಆಗಬೇಕು. ಜಿಲ್ಲಾ ಕೇಂದ್ರದಲ್ಲಿ ತಾನೇ? ಅಲ್ಲ ಸ್ವಾಮಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ! ಕೂಸಿನ ನಾಮಕರಣಕ್ಕೆ ಎಲ್ಲರೂ ಬಂದಿದ್ದಾರೆ, ಪುರೋಹಿತರು ಬಂದಿದ್ದಾರೆ, ಊಟಕ್ಕೆ ಎಲೆ ಹಾಕಿದ್ದಾರೆ, ಕೂಸು ಮಾತ್ರ ಪಕ್ಕದ ತಾಲೂಕಿನಲ್ಲಿ. ಅದೂ ಯಾರ ಕಾಲದಲ್ಲಿ? ಸಮಾಜವಾದಿ ಜೆ.ಎಚ್. ಪಟೇಲರ ಕಾಲದಲ್ಲಿ. ಏನು ಹೇಳಬೇಕೋ ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ ಮನುಷ್ಯ ಅವರು. ಅಂಥವರಿಗೂ ತಗುಲಿತು ಅಂದರೆ ಸೋಂಕು ಎಷ್ಟು ಜೋರಿರಬೇಕು ಲೆಕ್ಕ ಹಾಕಿ.

ಆಮೇಲೆ 2007ರಲ್ಲಿ ಕುಮಾರಸ್ವಾಮಿ ಧೈರ್ಯ ಮಾಡಿ ಹೋದರು. ಅಕ್ಟೋಬರ್‌ನಲ್ಲಿ ಕುರ್ಚಿ ಹೋಯಿತು. ನಾಡಿಗೆ ನಾಡೇ 'ಹೇಳಲಿಲ್ವಾ' ಅಂದಿತು. ಬಿಜೆಪಿ ಜೊತೆ ಇಪ್ಪತ್ತು ತಿಂಗಳ ಒಪ್ಪಂದ ಆಗಿತ್ತಲ್ಲ, ಅದು ಮುಗಿಯುವ ತಿಂಗಳು ಅದೇ ಆಗಿತ್ತಲ್ಲ, ಪ್ರತಿ ಮನೆ ಕ್ಯಾಲೆಂಡರಿನಲ್ಲೂ ಅದು ಕಾಣುತ್ತಿತ್ತಲ್ಲ ಅಂತ ಕೇಳಿದರೆ ನೀವು ಮೊಂಡುವಾದ ಮಾಡುತ್ತೀರಿ ಅಂತಾರೆ. ಆ ಕಡೆ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಮಹದೇಶ್ವರ ಬೆಟ್ಟಕ್ಕೆ ಹೋದರು, ಪಟ್ಟಣದ ಕಡೆ ಮಾತ್ರ ಬರಲಿಲ್ಲ. ಎಷ್ಟು ಸಲ ಕುರ್ಚಿ ಉಳಿಯಿತು? 2007, 2011, 2018, 2021. ನಾಲ್ಕು ಸಲ ಹೋಯಿತು. ಒಮ್ಮೆಯಂತೂ ಏಳು ದಿನ, ಇನ್ನೊಮ್ಮೆ ಮೂರು ದಿನವೂ ತುಂಬಲಿಲ್ಲ. ಅಷ್ಟು ಕಡಿಮೆ ಸಮಯದಲ್ಲಿ ಚಾಮರಾಜನಗರಕ್ಕೆ ಹೋಗಬೇಕು ಅಂತ ಆಸೆಪಟ್ಟಿದ್ದರೂ ಪ್ರವಾಸದ ಪಟ್ಟಿ ಟೈಪ್ ಆಗುತ್ತಿರಲಿಲ್ಲ.

ಸಿದ್ದರಾಮಯ್ಯನವರು ಉಲ್ಟಾ ಮಾಡಿದರು. 2013ರಲ್ಲಿ ಅಧಿಕಾರಕ್ಕೆ ಬಂದ ವರ್ಷವೇ ಹೋದರು. ಆಮೇಲೂ ಹೋದರು. ಹತ್ತಿರದ ನೆಂಟರ ಮನೆಗೆ ಹೋದ ಹಾಗೆ ಪದೇ ಪದೇ ಹೋದರು. ಏನಾಯಿತು ಅಂದರೆ, ಅರಸು ನಂತರ ನಲವತ್ತು ವರ್ಷದಲ್ಲಿ ಐದು ವರ್ಷದ ಅವಧಿ ಪೂರ್ತಿ ಮುಗಿಸಿದ ಮೊದಲ ಮುಖ್ಯಮಂತ್ರಿ ಅವರೇ. ಸರಿ, ಇನ್ನು ಕಥೆ ಮುಗಿಯಿತು, ಮಣ್ಣು ಮುಚ್ಚಬಹುದು ಅಂತ ನಾನು ಖುಷಿಪಟ್ಟೆ. 2018ರಲ್ಲಿ ಅವರ ಪಕ್ಷಕ್ಕೆ ಬಹುಮತ ಬರದೇ ಹೋದಾಗ ನಮ್ಮ ಬೀದಿಯ ಹಿರಿಯರೊಬ್ಬರು ಪೇಪರ್ ಮಡಚಿ ನನ್ನ ಕಡೆ ನೋಡಿ, "ಏನಪ್ಪಾ, ಆಯ್ತಲ್ಲ?" ಅಂದರು. ಏನು ಆಯ್ತು ಅಂದೆ. "ಚಾಮರಾಜನಗರ!" ಅಂದರು. ಐದು ವರ್ಷ ಆದ ಮೇಲೆ ಕೆಲಸ ಮಾಡುವ ಶಾಪ. ಶಾಪವೂ ಸರ್ಕಾರಿ ಕಡತದ ಹಾಗೆ ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಬರಬೇಕಲ್ಲ, ತಡ ಆಗಿರಬೇಕು.

ಅಂದ ಹಾಗೆ ಆ ಹಿರಿಯರು ಶಾಪವನ್ನು ನಂಬುವುದಿಲ್ಲ. ಅವರೇ ಹೇಳಿದ್ದು. "ನಾನಂತೂ ಇದೆಲ್ಲ ನಂಬಲ್ಲಪ್ಪ. ಆದ್ರೂ..."

ಆ 'ಆದ್ರೂ' ಇದೆಯಲ್ಲ, ಅದೇ ವೈರಸ್ಸು. ನಾನು ಇಷ್ಟು ವರ್ಷದಲ್ಲಿ ಚಾಮರಾಜನಗರದ ಶಾಪವನ್ನು ಪೂರ್ತಿಯಾಗಿ ನಂಬುವ ಒಬ್ಬನನ್ನೂ ನೋಡಿಲ್ಲ. ರಾಜಕಾರಣಿಗೆ ನಂಬಿಕೆ ಇಲ್ಲವಂತೆ, ಆದ್ರೂ ಜ್ಯೋತಿಷಿ ಬೇಡ ಅಂದರಂತೆ. ಜ್ಯೋತಿಷಿಗೂ ಅಷ್ಟೇನೂ ನಂಬಿಕೆ ಇಲ್ಲ, ಆದ್ರೂ ಹೋಗಿ ಅಂದು ನಾಳೆ ಏನಾದರೂ ಆದರೆ ದೊಡ್ಡ ಗಿರಾಕಿ ಕೈಬಿಟ್ಟು ಹೋಗುತ್ತಾನೆ. ಕಾರ್ಯದರ್ಶಿಗೆ ನಂಬಿಕೆ ಇಲ್ಲ, ಆದ್ರೂ ಸಾಹೇಬರ ಮನಸ್ಸಿಗೆ ಯಾಕೆ ಬೇಜಾರು ಅಂತ ಪ್ರವಾಸದ ಪಟ್ಟಿಯಲ್ಲಿ ಆ ಊರು ಬರೆಯುವುದೇ ಇಲ್ಲ. ಟಿವಿಯವರಿಗಂತೂ ಯಾವುದರಲ್ಲೂ ನಂಬಿಕೆ ಇಲ್ಲ, ಆದ್ರೂ 'ಸಿಎಂಗೆ ಕಂಟಕ?' ಅಂತ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಂಜೆವರೆಗೂ ಓಡಿಸುತ್ತಾರೆ. ಕೋವಿಡ್ ಸಮಯದಲ್ಲಿ ಲಕ್ಷಣರಹಿತರು ಅಂತ ಕೇಳಿದ್ದೆವಲ್ಲ, ಜ್ವರವಿಲ್ಲ, ಕೆಮ್ಮಿಲ್ಲ, ಆರಾಮಾಗಿ ಓಡಾಡಿಕೊಂಡು ಊರಿಗೆಲ್ಲ ಹಂಚುತ್ತಾರೆ. ಹಾಗೆ. ರೋಗಿ ಒಬ್ಬನೂ ಇಲ್ಲ, ರೋಗ ಮಾತ್ರ ನಲವತ್ತು ದಾಟಿ ನಡೆದಿದೆ.

ನನ್ನ ರಿಪೋರ್ಟೂ ಹೇಳಿಬಿಡುತ್ತೇನೆ, ಪಾಸಿಟಿವ್. ಹೊಸ ಸ್ಕೂಟರ್ ತಂದಾಗ ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಯಾರೂ ಬಲವಂತ ಮಾಡಲಿಲ್ಲ. ಅಮ್ಮ ಸುಮ್ನೆ ನಿಂಬೆಹಣ್ಣು ತಂದು ಕೈಗೆ ಕೊಟ್ಟಳು, ನಾನು ಸುಮ್ನೆ ಇಟ್ಟೆ. ಐದು ರೂಪಾಯಿ ಹಣ್ಣು, ಒಂದು ಲಕ್ಷದ ಗಾಡಿ, ಇನ್ಶೂರೆನ್ಸಿಗಿಂತ ಅಗ್ಗ ಅಲ್ವಾ. ಎರಡನೇ ವಾರದಲ್ಲೇ ಗಾಡಿ ಸ್ಪೀಡ್ ಬ್ರೇಕರ್ ಮೇಲೆ ಜಾರಿ ಮಂಡಿ ತರಚಿತು. ಅಮ್ಮ ಅಂದಳು, ನಿಂಬೆಹಣ್ಣು ಇಟ್ಟಿದ್ದಕ್ಕೆ ಮಂಡಿಗೆ ಹೋಯ್ತು.

ಆದರೆ ನನ್ನ ನಿಂಬೆಹಣ್ಣಿಗೆ ದುಡ್ಡು ಕೊಟ್ಟಿದ್ದು ನಾನು. ಮುಖ್ಯಮಂತ್ರಿಗಳ ಮುನ್ನೆಚ್ಚರಿಕೆಗೆ ದುಡ್ಡು ಕೊಡೋದು ಚಾಮರಾಜನಗರ. ರಾಜ್ಯದ ಮುಖ್ಯಸ್ಥ ಹದಿನೇಳು ವರ್ಷ ಬಾರದ ಊರಿಗೆ ಕೆಳಗಿನವರು ಯಾಕೆ ಓಡಿ ಬರುತ್ತಾರೆ? ಮುಖ್ಯಮಂತ್ರಿ ಬರುತ್ತಾರೆ ಅಂದರೆ ನಮ್ಮಲ್ಲಿ ಆಗುವ ಕೆಲಸ ಎಲ್ಲರಿಗೂ ಗೊತ್ತು, ರಾತ್ರಿ ಕಳೆಯುವುದರಲ್ಲಿ ರಸ್ತೆಗೆ ಡಾಂಬರು, ಆಸ್ಪತ್ರೆ ಗೋಡೆಗೆ ಸುಣ್ಣ, ಬೀದಿ ದೀಪಕ್ಕೆ ಬಲ್ಬು. ಆ ಒಂದು ರಾತ್ರಿಯ ಡಾಂಬರೂ ಆ ಊರಿಗೆ ಸಿಗಲಿಲ್ಲ.

2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕ ಇರಲಿಲ್ಲ. ಮೈಸೂರಿನಿಂದ ಸಿಲಿಂಡರ್ ಬರಬೇಕಿತ್ತು, ಬರಲಿಲ್ಲ ಅಂತ ಜಗಳ ನಡೆಯಿತು, ಎಷ್ಟು ಜನ ಆಮ್ಲಜನಕ ಇಲ್ಲದೇ ಸತ್ತರು ಅನ್ನುವುದರ ಮೇಲೂ ಜಗಳ ನಡೆಯಿತು, ಸಮಿತಿಗಳು ಬಂದವು. ಮುಖ್ಯಮಂತ್ರಿ ಬರಲಿಲ್ಲ. ಯಾಕೆ ಬರಲಿಲ್ಲವೋ, ಶಾಪಕ್ಕೇ ಹೆದರಿದರು ಅಂತ ನಾನು ಹೇಳಲಾರೆ, ಅದು ಕೋವಿಡ್ ಜೋರಾಗಿದ್ದ ಸಮಯ, ನೂರು ಕಾರಣ ಇರಬಹುದು. ಆದರೆ ನಲವತ್ತು ವರ್ಷದಿಂದ 'ನಿಮ್ಮೂರಿಗೆ ಬಂದರೆ ನಮಗೆ ಕೇಡು' ಅಂತ ಕೇಳಿಸಿಕೊಂಡ ಜನ ಆ ವಾರ ಏನು ಅಂದುಕೊಂಡಿರಬೇಕು? ಮುಂದಿನ ಜುಲೈಯಲ್ಲಿ ಆ ಕುರ್ಚಿಯೂ ಹೋಯಿತು. ಊರಿಗೆ ಬಾರದೆಯೇ.

ಇದು ನಮ್ಮೊಬ್ಬರದೇ ಕಾಯಿಲೆ ಅಂದುಕೊಂಡು ನಾಚಿಕೆ ಪಡಬೇಡಿ, ರೂಪಾಂತರಿ ತಳಿಗಳು ದೇಶದಲ್ಲೆಲ್ಲ ಇವೆ. ಉತ್ತರ ಪ್ರದೇಶದವರಿಗೆ ನೋಯ್ಡಾ. 1988ರಲ್ಲಿ ವೀರ್ ಬಹದ್ದೂರ್ ಸಿಂಗ್ ಹೋಗಿ ಬಂದು ಕುರ್ಚಿ ಕಳಕೊಂಡರು ಅಂತ ಶುರುವಾಯಿತು. ಅಖಿಲೇಶ್ ಯಾದವ್ ಯಮುನಾ ಎಕ್ಸ್‌ಪ್ರೆಸ್‌ವೇಯನ್ನು ಲಖನೌದಲ್ಲಿ ಕೂತು ಉದ್ಘಾಟಿಸಿದರು. ನಮ್ಮ ಮಹದೇಶ್ವರ ಬೆಟ್ಟದ ಉಪಾಯ ಅಲ್ಲಿಗೂ ಹೋಗಿದೆ ನೋಡಿ, ರಾಯಧನ ಕೇಳಬೇಕಿತ್ತು. ಐದು ವರ್ಷ ನೋಯ್ಡಾ ಮುಟ್ಟದೇ ಇದ್ದು 2017ರಲ್ಲಿ ಸೋತರು. ಯೋಗಿ ಆದಿತ್ಯನಾಥ್ ಅದೇ ವರ್ಷ ನೋಯ್ಡಾಕ್ಕೆ ಹೋದರು, 2022ರಲ್ಲಿ ಮತ್ತೆ ಗೆದ್ದರು. ಮಧ್ಯಪ್ರದೇಶದವರಿಗೆ ಉಜ್ಜಯಿನಿ, ಅಲ್ಲಿ ಮಹಾಕಾಲನೇ ರಾಜ, ಇನ್ನೊಬ್ಬ ರಾಜ ರಾತ್ರಿ ಉಳಿಯಬಾರದು. 2023ರಲ್ಲಿ ಮುಖ್ಯಮಂತ್ರಿಯಾದ ಮೋಹನ್ ಯಾದವ್ ಅವರ ಊರೇ ಉಜ್ಜಯಿನಿ. ಪಾಪ, ಸ್ವಂತ ಮನೆಯಲ್ಲಿ ಮಲಗೋದೂ ಸುದ್ದಿಯಾಯಿತು.

ಮದ್ದು ಇಲ್ಲವಾ ಅಂದರೆ, ನಮ್ಮಲ್ಲಿ ಕಾನೂನು ಇದೆ. ಮೂಢನಂಬಿಕೆ ವಿರುದ್ಧ 2017ರಲ್ಲಿ ವಿಧಾನಮಂಡಲ ಒಪ್ಪಿದ್ದು, ಜಾರಿಗೆ ಬಂದಿದ್ದು 2020ರಲ್ಲಿ. ಜಾರಿಗೆ ತರಲು ಒಳ್ಳೇ ಮುಹೂರ್ತ ನೋಡುತ್ತಿದ್ದರೋ ಏನೋ. ಅದರಲ್ಲೂ ಜ್ಯೋತಿಷ್ಯ ಮತ್ತು ವಾಸ್ತುವನ್ನು ಹುಷಾರಾಗಿ ಹೊರಗಿಟ್ಟಿದ್ದಾರೆ. ಸರಿಯಾದದ್ದೇ, ಇಲ್ಲದಿದ್ದರೆ ಮೊದಲ ಎಫ್‌ಐಆರ್ ವಿಧಾನಸೌಧದ ವಿಳಾಸಕ್ಕೇ ಹೋಗುತ್ತಿತ್ತು. ಅಲ್ಲಿ ಮುಖ್ಯಮಂತ್ರಿ ಕೊಠಡಿಯ ಒಂದು ಬಾಗಿಲು ವಾಸ್ತು ಸರಿಯಿಲ್ಲ ಅಂತ ಮುಚ್ಚಿಕೊಂಡೇ ಇತ್ತು, 2023ರಲ್ಲಿ ಸಿದ್ದರಾಮಯ್ಯ ತೆಗೆಸಿದರು. ಚಪ್ಪಾಳೆ. ಇದೇ ಸಿದ್ದರಾಮಯ್ಯನವರ ಕಾರಿನ ಮೇಲೆ 2016ರಲ್ಲಿ ಕಾಗೆ ಕೂತಿತು, ಸ್ವಲ್ಪ ದಿನಕ್ಕೆ ಹೊಸ ಕಾರು ಬಂತು. ಕಾಗೆಗೂ ಕಾರಿಗೂ ಸಂಬಂಧವಿಲ್ಲ ಅಂತ ಅವರು ಹೇಳಿದರು. ಇರಲಿಕ್ಕಿಲ್ಲ. ನಾನಂತೂ ನಂಬಲ್ಲ. ಆದ್ರೂ...

ಕಳೆದ ಸಲ ಚಾಮರಾಜನಗರಕ್ಕೆ ಹೋಗಿದ್ದು ಆಷಾಢದಲ್ಲಿ. ಆಷಾಢ ಅಂದರೆ ನಾಡೆಲ್ಲ ಅಶುಭ ಅನ್ನುವ ತಿಂಗಳು, ಹೊಸ ಮದುಮಗಳನ್ನು ತವರಿಗೆ ಕಳಿಸುವ ತಿಂಗಳು. ಈ ಊರಲ್ಲಿ ಚಾಮರಾಜೇಶ್ವರನ ತೇರು ಎಳೆಯೋದು ಆಗಲೇ. ಹೊಸ ಜೋಡಿಗಳು ದೂರ ದೂರದಿಂದ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಆ ಗಲಾಟೆಯಲ್ಲಿ ಸಿಕ್ಕ ಒಂದು ಕಟಿಂಗ್ ಶಾಪಿಗೆ ನುಗ್ಗಿದೆ. ಕೂದಲು ಕತ್ತರಿಸುತ್ತಾ ಇದ್ದವರನ್ನು ಕೇಳಿದೆ, ಅಲ್ಲಾ ಇವರೇ, ನಿಮ್ಮೂರಿಗೆ ಬಂದೋರ ಕುರ್ಚಿ ಹೋಗುತ್ತಂತಲ್ಲ?

ಅವರು ಕತ್ತರಿ ನಿಲ್ಲಿಸಲಿಲ್ಲ.

"ನಮ್ಮಪ್ಪನ ಕಾಲದಿಂದ ಇದೇ ಕುರ್ಚಿ ಸಾ. ಎಲ್ಲೂ ಹೋಗಿಲ್ಲ. ಇದ್ರ ಮ್ಯಾಲ ಕೂತೋರು ಮಾತ್ರ ಯಾರೂ ಅರ್ಧ ಗಂಟ ಮ್ಯಾಲ ಕೂತಿಲ್ಲ."

ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಒಂದು ಸಲ ಜೋರಾಗಿ ಕೊಡವಿದರು.

"ಎದ್ದೇಳಿ ಸಾ, ಹಿಂದ್ಗಡ ಇಬ್ರು ಕಾಯ್ತಾವ್ರ."