ತಗಲದ ಗುಂಡಿಗೂ ಏಮ್ ಕೆಡಬೇಕೇ?

ಗುಂಡು ಮೈಗೆ ತಗಲಲಿಲ್ಲ, ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಆಗ ಆಟಗಾರನ ಪರದೆ ಮಬ್ಬಾಗಬೇಕೇ? ಅವನ ಗನ್ ಅಲುಗಾಡಬೇಕೇ? ವಿಡಿಯೋ ಗೇಮ್‌ಗಳಲ್ಲಿ ಇದಕ್ಕೆ ಸಪ್ರೆಷನ್ ಎನ್ನುತ್ತಾರೆ. ಮಲ್ಟಿಪ್ಲೇಯರ್ ಶೂಟರ್, ಅಂದರೆ ಹಲವರು ಒಟ್ಟಿಗೆ ಸೇರಿ ಆಡುವ ಗುಂಡಿನ ಕಾಳಗದ ಆಟ, ಆಡುವವರು ಹದಿನೈದು ವರ್ಷದಿಂದ ಇದರ ಬಗ್ಗೆ ಜಗಳವಾಡುತ್ತಿದ್ದಾರೆ. ಎರಡೂ ಕಡೆಯವರ ವಾದ ಇಲ್ಲಿದೆ.

ಪರ: ಭಯವಿಲ್ಲದಿದ್ದರೆ ಮಶೀನ್‌ಗನ್ ಯಾಕೆ?

ಶೂಟರ್ ಆಟದಲ್ಲಿ ಎಲ್ಲವೂ ಇದೆ, ಪ್ರಾಣಭಯ ಒಂದೇ ಇಲ್ಲ. ಸತ್ತರೆ ಸ್ವಲ್ಪ ಹೊತ್ತಿನಲ್ಲಿ ರೀಸ್ಪಾನ್, ಅಂದರೆ ಮತ್ತೆ ಜೀವ ಬಂದು ಆಟಕ್ಕೆ ವಾಪಸ್. ಹಾಗಾಗಿ ನಾನು ಒಂದು ಕಿಟಕಿಗೆ ಮಶೀನ್‌ಗನ್‌ನಿಂದ ಗುಂಡಿನ ಮಳೆ ಸುರಿಸುತ್ತಿದ್ದರೂ ಒಳಗಿರುವವನು ಆರಾಮಾಗಿ ಎದ್ದು ನಿಲ್ಲುತ್ತಾನೆ. ಸ್ಕೋಪ್ ಹಾಕಿ ಒಂದೇ ಏಟಿಗೆ ನನ್ನ ತಲೆಗೆ ಹೊಡೆಯುತ್ತಾನೆ. ನಿಜವಾದ ಯುದ್ಧದಲ್ಲಿ ಹಾಗೆ ನಿಲ್ಲುವವರು ಅಪರೂಪ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಎಂಜಿ 42 ಮಶೀನ್‌ಗನ್ ನಿಮಿಷಕ್ಕೆ ಸುಮಾರು 1,200 ಗುಂಡಿನ ವೇಗದಲ್ಲಿ ಸಿಡಿಯುತ್ತಿತ್ತು. ಅಷ್ಟೂ ಗುಂಡು ಯಾರಿಗಾದರೂ ತಗಲಲಿ ಎಂದಲ್ಲ. ಎದುರಿನವರು ತಲೆ ಎತ್ತಬಾರದು, ಅಷ್ಟರಲ್ಲಿ ನಮ್ಮ ಕಡೆಯವರು ಬದಿಯಿಂದ ನುಗ್ಗಬೇಕು, ಅದಕ್ಕೆ.

ಈ ಕೆಲಸವನ್ನು ಆಟದೊಳಗೆ ತರುವುದೇ ಸಪ್ರೆಷನ್. ನಿಮ್ಮ ಸುತ್ತ ಕಣ್ಣಿಗೆ ಕಾಣದ ಒಂದು ವಲಯ ಇರುತ್ತದೆ. ಅದರೊಳಗೆ ಶತ್ರುವಿನ ಗುಂಡು ಹಾದುಹೋದಾಗಲೆಲ್ಲ ಒಂದು ಲೆಕ್ಕ ಏರುತ್ತದೆ. ಗುಂಡು ನಿಂತ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಏರಿದಷ್ಟೂ ನೋಟ ಮಸುಕು, ಕೈ ನಡುಕ ಜಾಸ್ತಿ. ತಲೆ ತಗ್ಗಿಸಿ ಕವರ್ ಹಿಂದೆ ಕೂತರೆ ಸರಿಹೋಗುತ್ತದೆ. ಅಂದರೆ ಆಟ ನಿಮ್ಮನ್ನು ಕೊಲ್ಲುವುದಿಲ್ಲ, ಸ್ವಲ್ಪ ಹೊತ್ತು ಕೂರಿಸುತ್ತದೆ ಅಷ್ಟೇ.

2011ರಲ್ಲಿ ಟ್ರಿಪ್‌ವೈರ್ ಕಂಪನಿ ತಂದ 'ರೆಡ್ ಆರ್ಕೆಸ್ಟ್ರಾ 2' ಸ್ಟಾಲಿನ್‌ಗ್ರಾಡ್ ಕದನದ ಆಟ. ಅಲ್ಲಿ ಗುಂಡು ಹತ್ತಿರ ಸುಳಿದರೆ ಬಣ್ಣ ಮಾಸುತ್ತದೆ, ಗನ್ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಬೀದಿ ದಾಟಬೇಕಾದರೆ ಯಾರಾದರೂ ಎದುರಿನ ಕಿಟಕಿಗಳಿಗೆ ಗುಂಡು ಹೊಡೆಯುತ್ತಿರಲೇಬೇಕು. ಒಬ್ಬನಿಂದ ಆಗದ ಕೆಲಸ ಅದು.

ನನಗೆ ಮುಖ್ಯ ಅನ್ನಿಸುವುದು ಇದೇ. 'ಸ್ಕ್ವಾಡ್' ಆಟದಲ್ಲಿ ಒಂದೊಂದು ಕಡೆ 50 ಜನ ಇರುತ್ತಾರೆ. ಅದಕ್ಕೆ 2023ರಲ್ಲಿ ಬಂದ ದೊಡ್ಡ ಅಪ್‌ಡೇಟ್ ಸಪ್ರೆಷನ್ ಮತ್ತು ಗನ್ನಿನ ಓಲಾಟ ಎರಡನ್ನೂ ಹೆಚ್ಚಿಸಿತು. ತುಂಬಾ ಜನ ಸಿಟ್ಟಾದರು. ಆದರೆ ಒಬ್ಬನೇ ನುಗ್ಗಿ ನಾಲ್ಕು ಜನರನ್ನು ಉರುಳಿಸುವುದು ಅಲ್ಲಿ ಮೊದಲಿನಷ್ಟು ಸುಲಭ ಉಳಿಯಲಿಲ್ಲ. ಏಮ್ ಅಷ್ಟು ಚೆನ್ನಾಗಿಲ್ಲದವನೂ ಸರಿಯಾದ ಜಾಗ ನೋಡಿ, ಬೈಪಾಡ್ (ಗನ್ ನಿಲ್ಲಿಸುವ ಎರಡು ಕಾಲಿನ ಸ್ಟ್ಯಾಂಡ್) ಊರಿ, ಸರಿಯಾದ ಹೊತ್ತಿಗೆ ಗುಂಡು ಸುರಿಸಿ ತನ್ನ ತಂಡವನ್ನು ಗೆಲ್ಲಿಸಬಹುದು. ಬೆರಳಿನ ವೇಗ ಕಮ್ಮಿಯಾದವರಿಗೆ, ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವರಿಗೆ ಆಟದಲ್ಲಿ ಜಾಗ ಸಿಗುವುದು ಹೀಗೆ. ಏಮ್ ಒಂದನ್ನೇ ಕೌಶಲ ಅನ್ನುವುದಾದರೆ ಮಿಕ್ಕವರೆಲ್ಲ ಸುಮ್ನೆ ಗುರಿಹಲಗೆಗಳು, ಅಲ್ವಾ?

ವಿರೋಧ: ನನ್ನ ಕಣ್ಣು ನನಗೆ ಬಿಡಿ

ಗುಂಡಿಗೆ ಹೆದರಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಹೆದರುವುದು ಆಟಗಾರ. ಅವನ ಪರವಾಗಿ ಆಟವೇ ಹೆದರಬಾರದು. ಬೌನ್ಸರ್ ಹೆಲ್ಮೆಟ್ ಪಕ್ಕ ಹಾದುಹೋಯಿತು ಎಂದು ಅಂಪೈರ್ ಬಂದು ಬ್ಯಾಟ್ಸ್‌ಮನ್ ಕಣ್ಣಿಗೆ ಬಟ್ಟೆ ಕಟ್ಟುವುದಿಲ್ಲ. ಮುಂದಿನ ಬಾಲಿಗೆ ಅವನು ಬಗ್ಗುತ್ತಾನೋ, ಹುಕ್ ಮಾಡುತ್ತಾನೋ, ಅದು ಅವನ ಧೈರ್ಯ.

'ಬ್ಯಾಟಲ್‌ಫೀಲ್ಡ್ 3' ಮಾಡಿದ ಎಡವಟ್ಟು ನೋಡಿ. ಸ್ಟಾಕ್‌ಹೋಮ್‌ನ ಡೈಸ್ ಸ್ಟುಡಿಯೋ 2011ರ ಅಕ್ಟೋಬರ್‌ನಲ್ಲಿ ತಂದ ಆಟ ಅದು. ಅಲ್ಲಿ ಸಪ್ರೆಷನ್ ಪರದೆ ಮಬ್ಬು ಮಾಡುವುದಷ್ಟೇ ಅಲ್ಲ, ಗನ್ನಿನ ಸ್ಪ್ರೆಡ್, ಅಂದರೆ ಗುಂಡು ಗುರಿಯಿಂದ ಆಚೀಚೆ ಚದುರುವುದನ್ನು ಕೂಡ ಹೆಚ್ಚಿಸುತ್ತಿತ್ತು. 2012ರ ಒಂದು ಪ್ಯಾಚ್ ಇದನ್ನು ಇನ್ನೂ ಜಾಸ್ತಿ ಮಾಡಿತು.

ಇಲ್ಲಿ ಒಂದು ವ್ಯತ್ಯಾಸ ಬಹಳ ಮುಖ್ಯ. ಗನ್ ಓಲಾಡಿದರೆ ಅದು ಕಣ್ಣಿಗೆ ಕಾಣುತ್ತದೆ. ಮೌಸ್ ಹಿಡಿದ ಕೈಯಿಂದ ಸರಿಪಡಿಸಬಹುದು, ಅಭ್ಯಾಸದಿಂದ ಕಲಿಯಬಹುದು. ಸ್ಪ್ರೆಡ್ ಹಾಗಲ್ಲ. ಗುರಿಯ ಚುಕ್ಕೆ ಶತ್ರುವಿನ ಎದೆಯ ಮೇಲೇ ಇದೆ, ಗುಂಡು ಮಾತ್ರ ಎಲ್ಲೋ ಪಕ್ಕಕ್ಕೆ ಹೋಗುತ್ತದೆ. ಎಷ್ಟು ಪಕ್ಕಕ್ಕೆ ಎನ್ನುವುದನ್ನು ಕಂಪ್ಯೂಟರ್ ಮನಸ್ಸಿಗೆ ಬಂದಂತೆ ತೀರ್ಮಾನಿಸುತ್ತದೆ. ಇದರಲ್ಲಿ ಕಲಿಯಲು ಏನೂ ಇಲ್ಲ. ಮೊದಲು ಗುಂಡು ಹಾರಿಸಿ ಗುರಿ ತಪ್ಪಿದವನಿಗೆ ಲಾಭ, ತಾಳ್ಮೆಯಿಂದ ಕಾದು ಏಮ್ ಮಾಡಿದವನಿಗೆ ಶಿಕ್ಷೆ. ಹತ್ತು ಮೀಟರ್ ದೂರದ ಕಾದಾಟದಲ್ಲಿ ಇದು ಇನ್ನೂ ಅನ್ಯಾಯ. ಅಲ್ಲಿ ಯಾರೂ ಯಾರನ್ನೂ ತಡೆದು ಕೂರಿಸುತ್ತಿಲ್ಲ. ಇಬ್ಬರೂ ಕೊಲ್ಲಲೆಂದೇ ಹೊಡೆಯುತ್ತಿರುತ್ತಾರೆ.

ಮಬ್ಬು ಪರದೆಯ ತೊಂದರೆ ಬೇರೆ. ಪದೇ ಪದೇ ಮಸುಕಾಗುವ, ನಡುಗುವ ಪರದೆ ನೋಡಿದರೆ ಕೆಲವರಿಗೆ ತಲೆನೋವು, ವಾಂತಿ ಬಂದಂತೆ ಆಗುತ್ತದೆ. ಅವರು ಕೇಳುವುದು ಆಫ್ ಮಾಡುವ ಒಂದು ಬಟನ್. ಕೊಟ್ಟರೆ ಆಫ್ ಮಾಡಿದವರಿಗೆ ಅನುಕೂಲ ಎಂದು ಅದನ್ನೂ ಕೊಡುವುದಿಲ್ಲ.

ಹಾಗಾದರೆ ಭಯ ಬರುವುದು ಹೇಗೆ? ಸಾವು ದುಬಾರಿಯಾದರೆ ಸಾಕು. ನಮ್ಮಲ್ಲಿ ಊರೂರಲ್ಲೂ ಹುಡುಗರು ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುತ್ತಾರಲ್ಲ, ಅದರಲ್ಲಿ ಇಂಥ ಸಪ್ರೆಷನ್ ಇಲ್ಲ. ಪರದೆ ಮಬ್ಬಾಗುವುದಿಲ್ಲ. ಆದರೂ ಜೊತೆಯವನು ನಾಕ್ ಆಗಿ (ಪೂರ್ತಿ ಸಾಯದೆ ಗಾಯಗೊಂಡು) ಬಿದ್ದಾಗ ಒಬ್ಬ ಗುಡ್ಡದ ಮೇಲಿನ ಶತ್ರುಗಳತ್ತ ಎಂ249 ಮಶೀನ್‌ಗನ್ ಹಿಡಿದು ಗುಂಡು ಸುರಿಸುತ್ತಾನೆ, ಇನ್ನೊಬ್ಬ ಸ್ಮೋಕ್ (ಹೊಗೆ ಬಾಂಬ್) ಎಸೆದು ಬಿದ್ದವನನ್ನು ರಿವೈವ್ ಮಾಡಿ ಎಬ್ಬಿಸುತ್ತಾನೆ. ಗುಡ್ಡದ ಮೇಲಿನವರು ತಲೆ ಎತ್ತುವುದಿಲ್ಲ. ಯಾಕೆ? ಕ್ಲಾಸಿಕ್ ಮ್ಯಾಚಿನಲ್ಲಿ ಸತ್ತರೆ ಹೆಚ್ಚಾಗಿ ನೇರ ಲಾಬಿಗೆ (ಆಟದ ಹೊರಗಿನ ಮೊದಲ ಪರದೆಗೆ), ಇಷ್ಟು ಹೊತ್ತು ಆಡಿದ್ದು ಮುಗಿದಂತೆ. 'ರೇನ್‌ಬೋ ಸಿಕ್ಸ್ ಸೀಜ್'ನಲ್ಲೂ ಹಾಗೇ. ಹೆಚ್ಚುಕಮ್ಮಿ ಯಾವ ಗನ್ ಆದರೂ ತಲೆಗೆ ಒಂದು ಗುಂಡು ಬಿದ್ದರೆ ಕಥೆ ಮುಗಿಯಿತು, ರೌಂಡ್ ಮುಗಿಯುವವರೆಗೆ ನೋಡುತ್ತಾ ಕೂರಬೇಕು. ಗೋಡೆಯಲ್ಲಿ ಗುಂಡು ತೂತು ಮಾಡುತ್ತಿದ್ದರೆ ಅಲ್ಲಿಂದ ಯಾರು ಇಣುಕುತ್ತಾರೆ?

'ಸ್ಕ್ವಾಡ್' ವಿಷಯದಲ್ಲೂ ನನ್ನ ವಾದ ಇದೇ. ಸತ್ತರೆ ಅಲ್ಲಿ ಕಾಯಬೇಕು, ಮತ್ತೆ ದೂರದಿಂದ ನಡೆದು ಬರಬೇಕು. ಅಷ್ಟು ಭಯ ಆಟದಲ್ಲಿ ಮೊದಲೇ ಇತ್ತು. ಅದರ ಮೇಲೆ ಗನ್ ಹಿಡಿದ ಕೈಯನ್ನೂ ಕುಂಟು ಮಾಡುವ ಅಗತ್ಯ ಇರಲಿಲ್ಲ.

ಮಶೀನ್‌ಗನ್ ಹಿಡಿದವರಿಗೆ ಕೆಲಸ ಬೇಕು ಎನ್ನುವುದು ನ್ಯಾಯವಾದ ಮಾತು. ಅದಕ್ಕೆ ದಾರಿಯನ್ನು ಡೈಸ್‌ನವರೇ ಆಮೇಲೆ ತೋರಿಸಿದರು. 2018ರ 'ಬ್ಯಾಟಲ್‌ಫೀಲ್ಡ್ 5'ರಲ್ಲಿ ಸಪೋರ್ಟ್ ಕ್ಲಾಸಿನ ಮಶೀನ್‌ಗನ್ನರ್ ಒಬ್ಬ ಶತ್ರುವನ್ನು ಗುಂಡಿನಿಂದ ತಡೆದು ಕೂರಿಸಿದರೆ ಆ ಶತ್ರು ತಂಡದವರಿಗೆ ಸ್ಪಾಟ್ ಆಗುತ್ತಾನೆ. ತಲೆಯ ಮೇಲೆ ಗುರುತು ಬೀಳುತ್ತದೆ, ಬದಿಯಿಂದ ಹೋಗುವವರಿಗೆ ಅವನು ಎಲ್ಲಿದ್ದಾನೆ ಎಂದು ಗೊತ್ತಾಗುತ್ತದೆ. ಗುಂಡು ಸುರಿಸಿದ್ದಕ್ಕೆ ಫಲ ಸಿಕ್ಕಿತು. ಆ ಶತ್ರುವಿಗೂ ತಿರುಗಿ ಹೊಡೆಯುವ ಅವಕಾಶ ಉಳಿಯಿತು. ಹೊಡೆದರೆ ಅವನ ಗುಂಡು ಅವನು ಗುರಿ ಇಟ್ಟ ಕಡೆಗೇ ಹೋಗುತ್ತದೆ.