371ಜೆ ಇದ್ದರೆ ಓಡೋದೇ ಬೇಡ್ವಾ? ಸತ್ಯಾಂಶ ಇಲ್ಲಿದೆ

"371ಜೆ ಸರ್ಟಿಫಿಕೇಟ್ ಇದ್ದವರಿಗೆ ಪೊಲೀಸ್ ಕಾನ್‌ಸ್ಟೆಬಲ್ ಕೆಲಸ ಡೈರೆಕ್ಟ್, ಪರೀಕ್ಷೆ ಇಲ್ಲ." ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುವ ಈ ಮೆಸೇಜ್ ಸುಳ್ಳು. 371ಜೆ ಅಂದ್ರೆ ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲಾತಿಗೆ ದಾರಿ ಮಾಡಿಕೊಟ್ಟ ಸಂವಿಧಾನದ ವಿಧಿ.

ಉಪವಿಭಾಗಾಧಿಕಾರಿ ಕೊಡುವ ಆ ಸರ್ಟಿಫಿಕೇಟ್‌ನಿಂದ ಒಂದು ಲಾಭ ಖಂಡಿತ ಇದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ಗ್ರೂಪ್ ಸಿ (ಕಾನ್‌ಸ್ಟೆಬಲ್‌ನಂಥ) ಹುದ್ದೆಗಳಲ್ಲಿ 80% ನಮ್ಮ ಭಾಗದವರಿಗೇ ಮೀಸಲು. ಆದರೆ ಬೀದರ್, ಯಾದಗಿರಿ, ರಾಯಚೂರಿನ ಹುಡುಗರ ಕೈಯಲ್ಲೂ ಅದೇ ಸರ್ಟಿಫಿಕೇಟ್ ಇರುತ್ತದೆ, ಅಲ್ವಾ? ಪೈಪೋಟಿ ಎಲ್ಲಿ ಕಮ್ಮಿಯಾಯ್ತು!

ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಪಾಸಾಗಿರಬೇಕು. 100 ಅಂಕದ ಲಿಖಿತ ಪರೀಕ್ಷೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಸುಮ್ನೆ ಊಹಿಸಿ ಗುರುತು ಹಾಕಿದರೆ ಕೆಟ್ಟಿರಿ. ಆಮೇಲೆ ಮೈದಾನ. ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. ಮೂರನೇ ಸುತ್ತಿಗೆ ಬಾಯಿ ಒಣಗಿ, ಕಾಲು ಕಲ್ಲಾಗುತ್ತದೆ. ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷ.

ಇನ್ನು "ದುಡ್ಡು ಕೊಟ್ರೆ ಆಗುತ್ತೆ" ಅನ್ನುವವರಿಗೆ: ಅಕ್ರಮ ಬಯಲಾಗಿ 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಪರೀಕ್ಷೆ 2022ರಲ್ಲಿ ರದ್ದಾಯಿತು. ಆ ತನಿಖೆ ಶುರುವಾಗಿದ್ದೇ ನಮ್ಮ ಕಲಬುರಗಿಯಿಂದ.