ಕೆಂಪು ಶಾಯಿಯ ಮಹಿಮೆ

ಮತ್ತೆ ಅದೇ ಸುದ್ದಿ. ಸೇವಾ ದಾಖಲೆಯಲ್ಲಿ ನಾಲ್ಕು ರೆಡ್ ಇಂಕ್ ಎಂಟ್ರಿ, ಅಂದರೆ ಕೆಂಪು ಶಾಯಿಯಲ್ಲಿ ಬರೆದ ಶಿಕ್ಷೆ, ಇದೆ ಅನ್ನೋ ಒಂದೇ ಕಾರಣಕ್ಕೆ ಯೋಧನನ್ನು ಮನೆಗೆ ಕಳಿಸುವಂತಿಲ್ಲ ಅಂತ ಕೋರ್ಟು ಹೇಳಿದೆ. ಒಳಪುಟದಲ್ಲಿ, ಚಿನ್ನದ ದರದ ಕೆಳಗೆ, ಎರಡು ಬೆರಳಗಲದ ಸುದ್ದಿ. ನೀವೂ ನೋಡಿರುತ್ತೀರಿ, ನೋಡಿ ಪುಟ ತಿರುವಿರುತ್ತೀರಿ. ತಪ್ಪೇನಿಲ್ಲ ಬಿಡಿ. ಆಗಾಗ ಬರುತ್ತಲೇ ಇರುವ ಸುದ್ದಿ ಇದು. ಯೋಧನ ಹೆಸರು ಬೇರೆ, ಪೀಠ ಬೇರೆ, ಉಳಿದದ್ದೆಲ್ಲ ಡಿಟ್ಟೋ.

ಸುಪ್ರೀಂ ಕೋರ್ಟ್ ಈ ಮಾತನ್ನು 2015ರಲ್ಲೇ ಹೇಳಿ ಮುಗಿಸಿದೆ. ಅದಕ್ಕೂ ಬಹಳ ಮೊದಲು, 1988ರ ಡಿಸೆಂಬರ್‌ನಲ್ಲಿ, ಸೇನೆಯ ಪ್ರಧಾನ ಕಚೇರಿಯೇ ಒಂದು ಪತ್ರ ಹೊರಡಿಸಿತ್ತು. ಹೊರಗೆ ಹಾಕುವ ಮುಂಚೆ ಒಂದು ವಿಚಾರಣೆ ಮಾಡಿ. ಎಷ್ಟು ವರ್ಷ ದುಡಿದಿದ್ದಾನೆ ನೋಡಿ. ಎಂಥ ಕಷ್ಟದ ಜಾಗದಲ್ಲಿದ್ದ ನೋಡಿ. ಪಿಂಚಣಿಗೆ ಹತ್ತಿರ ಬಂದಿದ್ದಾನಾ ನೋಡಿ. ಎಷ್ಟು ಚೆನ್ನಾಗಿದೆ ಅಲ್ವಾ? ಸೇನೆ ತಾನೇ ಬರೆದ ಪತ್ರವನ್ನು ಸೇನೆಗೇ ಓದಿ ಹೇಳುವ ಕೆಲಸವನ್ನು ನಮ್ಮ ಕೋರ್ಟುಗಳು ಇಷ್ಟು ವರ್ಷದಿಂದ ಮಾಡಿಕೊಂಡು ಬಂದಿವೆ. ಸುಮ್ನೆ ನ್ಯಾಯಾಂಗ ನಿಧಾನ ಅಂತ ಬೈಯಬೇಡಿ, ಪಾಪ.

ಕೆಂಪು ಶಾಯಿ ಬೀಳುವುದು ಹೀಗೆ. ರಜೆ ಮೇಲೆ ಊರಿಗೆ ಬಂದ ಸಿಪಾಯಿ ಎಂಟು ದಿನ ತಡ ಮಾಡುತ್ತಾನೆ. ಅಮ್ಮನಿಗೆ ಹುಷಾರಿರಲಿಲ್ಲ, ಇಲ್ಲವೇ ತಂಗಿ ಮದುವೆ ಮುಂದಕ್ಕೆ ಹೋಯಿತು, ಇಲ್ಲವೇ ಹೆಂಡತಿ ಅತ್ತಳು. ಯೂನಿಟ್ ಮುಟ್ಟಿದ ಕೂಡಲೇ ಚಾರ್ಜು. ಟೋಪಿ, ಬೆಲ್ಟು ತೆಗೆಸಿ ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬರ ಮೇಜಿನ ಮುಂದೆ ಮಾರ್ಚ್ ಮಾಡಿಸಿ ನಿಲ್ಲಿಸುತ್ತಾರೆ. ತಪ್ಪು ಒಪ್ಪಿಕೊಳ್ತೀಯಾ? ಒಪ್ಪಿಕೊಳ್ಳುತ್ತಾನೆ. ‘ಎದುರು ಮಾತಾಡಬೇಡ ಮಗಾ, ಬೇಗ ಮುಗಿಯುತ್ತೆ’ ಅಂತ ಸುಬೇದಾರ್ ಸಾಹೇಬರು ಬಾಗಿಲಾಚೆಯೇ ಬುದ್ಧಿ ಹೇಳಿರುತ್ತಾರಲ್ಲ! ಬೇಗನೇ ಮುಗಿಯುತ್ತದೆ. 28 ದಿನದವರೆಗೆ ಸೇನೆಯ ವಶದಲ್ಲೇ ಸಜೆ ಕೊಡುವ ಅಧಿಕಾರ ಸಿಓಗೆ ಇದೆ. ಸಜೆ ಹೇಗೋ ಕಳೆಯುತ್ತದೆ. ಕಳೆಯದೆ ಉಳಿಯುವುದು ದಾಖಲೆಯಲ್ಲಿ ಬಿದ್ದ ಆ ಕೆಂಪು ಗೆರೆ. ಅಂಥವು ನಾಲ್ಕಾದವು ಅನ್ನಿ, ಇವನ ಸೇವೆ ಇನ್ನು ಬೇಕಾಗಿಲ್ಲ ಅಂತ ಶೋಕಾಸ್ ನೋಟಿಸ್ ಬರುತ್ತದೆ. ಸಿಪಾಯಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷ ಸೇವೆ ಆಗಬೇಕು. ಹನ್ನೆರಡೋ ಹದಿಮೂರೋ ವರ್ಷಕ್ಕೆ ಈ ನೋಟಿಸ್ ಬಂದರೆ ಟ್ರಂಕು ಹೊತ್ತು ಊರಿನ ಬಸ್ಸು ಹತ್ತಬೇಕು. ಪಿಂಚಣಿ ಸೊನ್ನೆ.

ಸೇನೆಗೆ ಶಿಸ್ತು ಬೇಡವೇ? ಬೇಕು. ಪದೇ ಪದೇ ಕಾಣೆಯಾಗುವವನನ್ನು ಗಡಿಯಲ್ಲಿ ನಂಬಿಕೊಂಡು ಕೂರಲು ಆಗುವುದಿಲ್ಲ. 2019ರಲ್ಲಿ ಏಳು ಕೆಂಪು ಎಂಟ್ರಿ ಇದ್ದವನ ಅರ್ಜಿಯನ್ನು ಸುಪ್ರೀಂ ಕೋರ್ಟೇ ತಳ್ಳಿಹಾಕಿತು, ಅದೂ ಸರಿಯೇ. ನನ್ನ ಆಸೆ ಬೇರೆ. ಇಷ್ಟೊಳ್ಳೆ ಶಿಸ್ತು ಬರೀ ಬ್ಯಾರಕ್‌ನಲ್ಲಿ ಯಾಕೆ ಕೊಳೆಯಬೇಕು? ಕುರ್ಚಿಗೆ ಸ್ವೆಟರ್ ನೇತುಹಾಕಿ ಕ್ಯಾಂಟೀನಿಗೆ ಹೋಗಿ ಸಂಜೆ ಬರುವ ಮಹನೀಯರಿಗೂ ಒಂದೊಂದು ಕೆಂಪು ಎಂಟ್ರಿ ಹಾಕಿ ನೋಡೋಣ. ತಿಂಗಳು ಮುಗಿಯುವುದರೊಳಗೆ ರಾಜ್ಯದಲ್ಲಿ ಕೆಂಪು ಶಾಯಿ ಖಾಲಿ. ಸರ್ಕಾರಿ ಕಚೇರಿಗಳು ತುಂಬಿರುವ ಎಂ.ಎಸ್. ಬಿಲ್ಡಿಂಗ್‌ನಲ್ಲಿ ಉಳಿಯುವುದು ಪಾರಿವಾಳ ಮಾತ್ರ.

ಇನ್ನು ಶಾಸಕರು. 2025ರ ಬಜೆಟ್ ಅಧಿವೇಶನದ ಹೊತ್ತಿನ ಕಥೆ ನೆನಪಿದೆಯಲ್ಲ? ಮಧ್ಯಾಹ್ನ ಊಟ ಆದ ಮೇಲೆ ಶಾಸಕರು ಸದನಕ್ಕೆ ವಾಪಸ್ ಬರುವುದೇ ಇಲ್ಲ. ಹಾಗಾಗಿ ಲಾಬಿಯಲ್ಲೇ ಸಣ್ಣ ನಿದ್ದೆ ಮಾಡಲಿ ಅಂತ ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸುವ ಮಾತಾಯಿತು. ಗೈರಾದ ಸಿಪಾಯಿಗೆ ಕ್ವಾರ್ಟರ್ ಗಾರ್ಡ್ ಎಂಬ ಯೂನಿಟ್ ಲಾಕಪ್ಪಿನ ನೆಲ, ಗೈರಾದ ಶಾಸಕರಿಗೆ ಕಾಲು ಚಾಚುವ ಕುರ್ಚಿ. ಪಿಂಚಣಿಯ ವಿಷಯ ಎತ್ತಬೇಡಿ, ನನಗೆ ಬಿಪಿ ಇದೆ.

ಸಿಓ ಕೊಡುವ 28 ದಿನ ಸಣ್ಣ ತಪ್ಪಿಗಾಯಿತು. ದೊಡ್ಡದಕ್ಕೆ ಸಮ್ಮರಿ ಕೋರ್ಟ್ ಮಾರ್ಷಲ್ ಎಂಬ ಅದ್ಭುತವಿದೆ. 1857ರ ದಂಗೆಯಲ್ಲಿ ಬೆವರಿದ ಬ್ರಿಟಿಷರು ಬಿಟ್ಟುಹೋದ ಆಸ್ತಿ. ಇದರಲ್ಲಿ ಸಿಓ ಒಬ್ಬರೇ ಇಡೀ ಕೋರ್ಟು. ಜೊತೆಗೆ ಇಬ್ಬರು ಕೂತಿರುತ್ತಾರೆ, ಆದರೆ ಅವರದ್ದು ಕೂರುವ ಕೆಲಸ ಮಾತ್ರ. ಒಂದು ವರ್ಷದವರೆಗೆ ಜೈಲು, ಜೊತೆಗೆ ವಜಾ. ಮೇಲಿನವರು ಮಂಜೂರು ಮಾಡಲಿ ಅಂತ ಕಾಯಬೇಕಿಲ್ಲ, ಹೇಳಿದ ತಕ್ಷಣ ಜಾರಿ. ಆರೋಪಿಗೆ ಸಹಾಯಕ್ಕೆ ‘ಆರೋಪಿಯ ಗೆಳೆಯ’ ಅಂತ ಒಬ್ಬರನ್ನು ಕೊಡುತ್ತಾರೆ. ಈ ಗೆಳೆಯ ಕಿವಿಯಲ್ಲಿ ಪಿಸುಗುಟ್ಟಬಹುದು, ಹೀಗೆ ಕೇಳು ಅಂತ ಸಲಹೆ ಕೊಡಬಹುದು. ಸಾಕ್ಷಿಯನ್ನು ತಾನೇ ಪ್ರಶ್ನಿಸುವಂತಿಲ್ಲ, ಕೋರ್ಟಿನ ಮುಂದೆ ವಾದ ಮಾಡುವಂತಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕಿಟಕಿ ಹೊರಗೆ ನಿಂತು ಉತ್ತರ ಹೇಳಿಕೊಡುವ ದೋಸ್ತನಿಗೂ ಇದಕ್ಕಿಂತ ಜಾಸ್ತಿ ಅಧಿಕಾರ ಇರುತ್ತದೆ. ಈ ಸಮ್ಮರಿ ಕೋರ್ಟಿನ ಸೌಲಭ್ಯ ಆಫೀಸರ್‌ಗಳಿಗಿಲ್ಲ, ಸುಬೇದಾರರಿಗೂ ಇಲ್ಲ. ಅವರ ಕೆಳಗಿನವರಿಗೆ ಮಾತ್ರ ಮೀಸಲು. ತೀರಾ ತುರ್ತು ಇದ್ದಾಗ ಮಾತ್ರ ಬಳಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ತುರ್ತಿಗೆ ಬರವೇ?

ಕೆಂಪು ಅಂದಾಗ ಇನ್ನೊಂದು ನೆನಪಾಯಿತು. ಎರಡು ದಶಕದ ಹಿಂದೆ ಅಸ್ಸಾಂನಲ್ಲಿ ಒಬ್ಬ ಕರ್ನಲ್ ಸಾಹೇಬರಿದ್ದರು. ಒಂದಷ್ಟು ನಾಗರಿಕರನ್ನು ನೆಲದ ಮೇಲೆ ಮಲಗಿಸಿ, ಮೈಗೆ ಟೊಮೆಟೊ ಕೆಚಪ್ ಸುರಿದು, ಫೋಟೋ ತೆಗೆಸಿ, ಇವರೆಲ್ಲ ನಾವು ಹೊಡೆದ ಉಗ್ರರು ಅಂತ ಲೆಕ್ಕ ತೋರಿಸಿದ್ದರು. ಪೇಪರಿನವರು ಕೆಚಪ್ ಕರ್ನಲ್ ಅಂತ ನಾಮಕರಣ ಮಾಡಿದರು. ಕೋರ್ಟ್ ಮಾರ್ಷಲ್ ಆಗಿ ವಜಾ ಆಯಿತು. ಮೇಲಿನವರು ಬಾಯಿಮಾತಲ್ಲಿ ಹೇಳಿದ್ದಕ್ಕೆ ಮಾಡಿದೆ ಅನ್ನೋದು ಅವರ ವಾದ. ಅದೆಲ್ಲ ಇರಲಿ. ಅಷ್ಟು ಕೆಚಪ್‌ನ ಬಿಲ್ಲನ್ನು ಯಾವ ಬಾಬ್ತಿನಲ್ಲಿ ತೋರಿಸಿದರು ಅನ್ನೋ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಮದ್ದುಗುಂಡೋ, ಮೆಸ್ಸೋ?

ಮೆಸ್ ಅಂದ ಮೇಲೆ ಬೇಳೆಯ ವಿಷಯ ಬಿಡುವ ಹಾಗಿಲ್ಲ. 2017ರ ಜನವರಿಯಲ್ಲಿ ಬಿಎಸ್‌ಎಫ್‌ನ ತೇಜ್ ಬಹದ್ದೂರ್ ಯಾದವ್ ಗಡಿಯಲ್ಲಿ ನಿಂತು ಮೊಬೈಲ್ ಹಿಡಿದು ದೇಶಕ್ಕೆಲ್ಲ ತೋರಿಸಿದ ಬೇಳೆ ಅದು. ಅರಿಶಿನ, ಉಪ್ಪು ಬಿಟ್ಟರೆ ಮಿಕ್ಕಿದ್ದು ನೀರು. ಜೊತೆಗೆ ಸುಟ್ಟು ಕರಕಲಾದ ಪರೋಟ. ಏಪ್ರಿಲ್‌ನಲ್ಲಿ ಆಸಾಮಿ ವಜಾ. ಸುಳ್ಳು ಆರೋಪ ಮಾಡಿದ, ಪಡೆಯ ಶಿಸ್ತು ಮುರಿದ ಅಂತ ಕಾರಣ ಕೊಟ್ಟರು. ಬಡವನ ಕೋಪ ದವಡೆಗೆ ಮೂಲ ಅಂತಾರಲ್ಲ, ಇಲ್ಲಿ ನೌಕರಿಗೇ ಮೂಲವಾಯಿತು. ನಾನಿದ್ದ ಹಾಸ್ಟೆಲಿನಲ್ಲಿ ಸಾರಿನ ಪಾತ್ರೆಯ ತಳ ಕಾಣುತ್ತಿತ್ತು, ಬೇಳೆ ಕಾಣುತ್ತಿರಲಿಲ್ಲ. ಸಾರಿನ ಮೇಲೆ ದೂರು ಕೊಟ್ಟವರನ್ನೆಲ್ಲ ದುರ್ನಡತೆ ಅಂತ ಹೊರಗೆ ಹಾಕಿದ್ದರೆ ಕರ್ನಾಟಕದಲ್ಲಿ ಇವತ್ತು ಒಬ್ಬ ಪದವೀಧರನೂ ಸಿಗುತ್ತಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ತೇಜ್ ಬಹದ್ದೂರ್ ವಾರಾಣಸಿಗೆ ಹೋಗಿ ಪ್ರಧಾನಿ ಎದುರೇ ನಾಮಪತ್ರ ಹಾಕಿದರು. ಸರ್ಕಾರಿ ಕೆಲಸದಿಂದ ವಜಾ ಆಗಿ ಐದು ವರ್ಷ ದಾಟಿಲ್ಲದವರು ಚುನಾವಣೆಗೆ ನಿಲ್ಲಬೇಕಾದರೆ ಒಂದು ಸರ್ಟಿಫಿಕೇಟ್ ಬೇಕು. ವಜಾ ಆದದ್ದು ಭ್ರಷ್ಟಾಚಾರಕ್ಕಲ್ಲ, ದೇಶನಿಷ್ಠೆ ಇಲ್ಲದ್ದಕ್ಕೂ ಅಲ್ಲ ಅಂತ ಚುನಾವಣಾ ಆಯೋಗವೇ ಬರೆದುಕೊಡಬೇಕು. ಅದನ್ನು ಮರುದಿನ ಬೆಳಿಗ್ಗೆ 11ರೊಳಗೆ ತಂದುಕೊಡು ಅಂತ ಚುನಾವಣಾಧಿಕಾರಿ ಅಂದರು. ನಮ್ಮ ನಾಡಕಚೇರಿಯಲ್ಲಿ ಒಂದು ಜಾತಿ ಸರ್ಟಿಫಿಕೇಟಿಗೆ ಹೋದರೆ ಸರ್ವರ್ ಡೌನ್ ಅಂತ ಹೇಳುವುದಕ್ಕೇ 11 ಗಂಟೆ ಆಗುತ್ತದೆ. ನಾಮಪತ್ರ ತಿರಸ್ಕೃತವಾಯಿತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಅರ್ಜಿ ತಳ್ಳಿಹಾಕಿತು. ಕ್ರಿಮಿನಲ್ ಕೇಸು ಮೈತುಂಬ ಹೊತ್ತವರು ಅದೇ ಚುನಾವಣೆಯಲ್ಲಿ ಗೆದ್ದು ದೆಹಲಿಗೆ ಹೋದರು, ಅವರಿಗೆ ಅಫಿಡವಿಟ್ ಸಾಕಿತ್ತು.

ಬಿಎಸ್‌ಎಫ್ ಗೃಹ ಇಲಾಖೆಯದು, ಅದರ ದಾರಿ ಬೇರೆ. ಸೇನೆಯಿಂದ ಹೊರಬಿದ್ದವನಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆ, 2009ರಲ್ಲಿ ಬಾಗಿಲು ತೆರೆಯಿತು. ಬೇಗ, ಅಗ್ಗದಲ್ಲಿ ನ್ಯಾಯ ಸಿಗಲಿ ಅನ್ನೋದು ಉದ್ದೇಶ. ನೇರವಾಗಿ ಹೋಗುವ ಹಾಗಿಲ್ಲ. ಮೊದಲು ಯಾರು ಹೊರಗೆ ಹಾಕಿದರೋ ಅವರ ಮೇಲಿನವರಿಗೇ ಅರ್ಜಿ ಕೊಡಬೇಕು. ಆರು ತಿಂಗಳು ಉತ್ತರ ಬರದಿದ್ದರೆ ಅದೇ ಉತ್ತರ ಅಂತ ತಿಳಿದು ಮಂಡಳಿಗೆ ಹೊರಡಬೇಕು. ಅಲ್ಲಿ ಒಬ್ಬರು ನಿವೃತ್ತ ನ್ಯಾಯಮೂರ್ತಿ, ಪಕ್ಕದಲ್ಲಿ ಸಾಮಾನ್ಯವಾಗಿ ಒಬ್ಬರು ನಿವೃತ್ತ ಜನರಲ್ ಕೂತಿರುತ್ತಾರೆ. ಮಂಡಳಿಯ ಆಡಳಿತ, ಖರ್ಚು ಎಲ್ಲ ರಕ್ಷಣಾ ಸಚಿವಾಲಯದ್ದು. ಹೆಚ್ಚುಕಮ್ಮಿ ಪ್ರತಿ ಕೇಸಿನಲ್ಲೂ ಎದುರಾಳಿ ಯಾರು? ಅದೇ ಸಚಿವಾಲಯ. ತನ್ನ ಮೇಲೆ ಕೇಸು ಹಾಕುವವರಿಗೆ ಕುರ್ಚಿ, ಫ್ಯಾನು, ನೀರಿನ ವ್ಯವಸ್ಥೆ ಮಾಡಿಕೊಡುವ ಇಂಥ ದೊಡ್ಡ ಮನಸ್ಸು ಬೇರೆ ಯಾವ ಪ್ರತಿವಾದಿಗಿದೆ ಹೇಳಿ.

ಕರ್ನಾಟಕದವರಿಗೆ ಪೀಠ ಕೊಚ್ಚಿಯಲ್ಲಿ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, ಪ್ಯಾರಾ ರೆಜಿಮೆಂಟಿನ ತರಬೇತಿ ಕೇಂದ್ರ ಇದೆ, ಸೇನೆಗೆ ಸರಬರಾಜು ಮಾಡುವ ಎಎಸ್‌ಸಿ ಸೆಂಟರ್ ಇದೆ, ಜಾಲಹಳ್ಳಿಯಲ್ಲಿ ವಾಯುಪಡೆ ಇದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ, ಕಾರವಾರದಲ್ಲಿ ನೌಕಾನೆಲೆ. ಕೊಡಗಿನಲ್ಲಿ ಮನೆಗೊಬ್ಬ ಯೋಧ ಅಂತ ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಸೇರಿಸಿಕೊಳ್ಳುವುದು ಇಲ್ಲಿ, ಕವಾಯತು ಇಲ್ಲಿ. ನ್ಯಾಯ ಬೇಕಾದರೆ ಮಾತ್ರ ಬೀದರಿನವನೂ ಕೊಚ್ಚಿ ರೈಲು ಹತ್ತಬೇಕು. ಆಗೊಮ್ಮೆ ಈಗೊಮ್ಮೆ ಪೀಠ ಬೆಂಗಳೂರಿಗೆ ಬಂದು ಕೂರುವುದುಂಟು, ಸುಳ್ಳು ಹೇಳಬಾರದು. ಸದಸ್ಯರ ನೇಮಕ ಆಗದೆ ದೇಶದ ಹಲವು ಪೀಠಗಳು ಬಾಗಿಲು ಎಳೆದುಕೊಂಡು ಕೂತ ಕಾಲವೂ ಇತ್ತು. ಹೈಕೋರ್ಟಿಗೆ ಹೋಗೋಣ ಅಂದರೆ 2015ರಲ್ಲಿ ಸುಪ್ರೀಂ ಕೋರ್ಟ್ ಆ ದಾರಿಗೆ ಅಡ್ಡ ಹೇಳಿತು. 2023ರಲ್ಲಿ ಅದೇ ಸುಪ್ರೀಂ ಕೋರ್ಟ್ ‘ಹೋಗಬಹುದು’ ಅಂತು. ನಡುವಿನ ಎಂಟು ವರ್ಷ ಯಾರ ಲೆಕ್ಕಕ್ಕೆ ಬರೆಯೋಣ?

ಇಷ್ಟೆಲ್ಲ ದಾಟಿ ಗೆದ್ದ ಅಂತಲೇ ಇಟ್ಟುಕೊಳ್ಳಿ. ದೇವರು ಕೊಟ್ಟರೂ ಪೂಜಾರಿ ಕೊಡ. ಆದೇಶ ಜಾರಿ ಆಗುವುದಿಲ್ಲ. ಆದೇಶ ಯಾಕೆ ಪಾಲಿಸಿಲ್ಲ ಅಂತ ಅಧಿಕಾರಿಗಳನ್ನು ಜೋರು ಮಾಡಿದ ಚಂಡೀಗಢ ಪೀಠದ ನ್ಯಾಯಮೂರ್ತಿಯೊಬ್ಬರಿಗೆ 2023ರಲ್ಲಿ ಕೋಲ್ಕತ್ತಕ್ಕೆ ವರ್ಗವಾಯಿತು. ಜೋರು ಮಾಡಿದ್ದಕ್ಕೇ ಈ ವರ್ಗ ಅಂತ ಅಲ್ಲಿನ ವಕೀಲರು ಕೆಲಸ ನಿಲ್ಲಿಸಿ ಕೂತರು.

ಈಗ ನಗು ಬಿಟ್ಟು ಒಂದು ಮಾತು. 2010ರಲ್ಲಿ ಕಾಶ್ಮೀರದ ಮಾಛಿಲ್‌ನಲ್ಲಿ ಮೂವರು ಹಳ್ಳಿ ಹುಡುಗರನ್ನು ಕೆಲಸ ಕೊಡಿಸ್ತೀವಿ ಅಂತ ಕರೆಸಿ, ಕೊಂದು, ನುಸುಳುಕೋರರು ಅಂತ ತೋರಿಸಿದರು. ಸೇನೆಯ ಕೋರ್ಟೇ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರಲ್ಲಿ ಇದೇ ನ್ಯಾಯಮಂಡಳಿ ಐವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. 2020ರಲ್ಲಿ ಕಾಶ್ಮೀರದ್ದೇ ಅಂಶಿಪೋರಾದಲ್ಲಿ ಹಾಗೇ ಮತ್ತೆ ಮೂವರನ್ನು ಕೊಂದರು, ಕೂಲಿಗೆ ಬಂದವರು. ಕ್ಯಾಪ್ಟನ್‌ಗೆ ಜೀವಾವಧಿ, 2023ರಲ್ಲಿ ಅದೂ ಅಮಾನತು. ಅಮಾನತು ಅಂದರೆ ಖುಲಾಸೆ ಅಲ್ಲ, ಕಾನೂನಿನಲ್ಲಿ ಅವಕಾಶ ಇದೆ, ಎಲ್ಲ ಗೊತ್ತು. ಮೇಲ್ಮನವಿ ಹಾಕಿದವನಿಗೆ ಅಷ್ಟು ಉಸಿರಾಡಲು ಬಿಡಬೇಕು ಅನ್ನೋದನ್ನೂ ಒಪ್ಪುತ್ತೇನೆ. ಆ ಉಸಿರು ಅಮ್ಮನ ಆಸ್ಪತ್ರೆಗೆ ಓಡಾಡಿ ಎಂಟು ದಿನ ತಡ ಮಾಡಿದವನಿಗೆ ಯಾಕಿಲ್ಲ? ಅವನ ಡಿಸ್ಚಾರ್ಜನ್ನು ಯಾರೂ ಅಮಾನತಿನಲ್ಲಿ ಇಡಲಿಲ್ಲ. ಅವನು ಊರಿನಲ್ಲಿ ಎಟಿಎಂ ಕಾಯುತ್ತ ಕೇಸಿನ ಡೇಟ್ ಕಾಯುತ್ತಾನೆ. ಇದನ್ನು ಎಷ್ಟು ಸಲ ಬರೆಯೋದು? ಬರೆದು ಬರೆದು ಬೇಜಾರಾಗಿದೆ.

ಸರ್ಕಾರ ಸುಮ್ಮನೆ ಕೂತಿಲ್ಲ ಅನ್ನೋದನ್ನೂ ಹೇಳಬೇಕಲ್ಲ. ಪಿಂಚಣಿಗಾಗಿ ಹೀಗೆ ಕೋರ್ಟು ಅಲೆಯುವ ಕಾಟವನ್ನು 2022ರಲ್ಲಿ ಬುಡಸಮೇತ ಕಿತ್ತುಹಾಕಿದೆ. ಅಗ್ನಿವೀರನಿಗೆ ನಾಲ್ಕು ವರ್ಷ ಕೆಲಸ, ಪಿಂಚಣಿಯೇ ಇಲ್ಲ. ಕೆಂಪು ಶಾಯಿ ಕಪ್ಪು ಶಾಯಿ ಯಾವುದರಲ್ಲಿ ಬರೆದರೂ ಕಳೆದುಕೊಳ್ಳಲು ಪಿಂಚಣಿ ಇದ್ದರೆ ತಾನೆ?

ಹಳಬರಲ್ಲಿ ಯಾರಾದರೂ ಕೊಚ್ಚಿಗೆ ಹೊರಟಿದ್ದರೆ ಒಂದು ಕಿವಿಮಾತು. ನ್ಯಾಯಮಂಡಳಿ ಕಾಯ್ದೆಯ 19ನೇ ಸೆಕ್ಷನ್ ಓದಿಕೊಂಡು ಹೋಗಿ. ಮಂಡಳಿಯ ಎದುರು ಬೈದರೆ, ಬೆದರಿಸಿದರೆ, ಕಲಾಪಕ್ಕೆ ಅಡ್ಡಿ ಮಾಡಿದರೆ ಮೂರು ವರ್ಷದವರೆಗೆ ಜೈಲು. ಮಂಡಳಿಯ ಆದೇಶವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಅಧಿಕಾರಿಯ ಬಗ್ಗೆ ಆ ಸೆಕ್ಷನ್ನಿನಲ್ಲಿ ಒಂದು ಸಾಲೂ ಇಲ್ಲ. ಆದ್ದರಿಂದ ಇಪ್ಪತ್ತು ವರ್ಷ ಕಾದು ಗೆದ್ದ ಆದೇಶ ಯಾಕೆ ಜಾರಿ ಆಗಲಿಲ್ಲ ಅಂತ ಕೇಳುವಾಗ ದಯವಿಟ್ಟು ದನಿ ಎತ್ತಬೇಡಿ. ‘ಎಸ್ ಸಾಬ್’ ಅನ್ನಿ, ಮುಂದಿನ ಡೇಟ್ ಬರೆದುಕೊಳ್ಳಿ.